ಕಂಬಳಿ ಗೋದಾಮಿನಲ್ಲಿ ಹೇಳದೆ ಉಳಿದ ಕಥೆ

ಈ ವ್ಯವಹಾರಕ್ಕೆ ಬಿದ್ದ ಬೆಲೆ ಎಂಟು ಶುಕ್ರವಾರ. ನನ್ನದಲ್ಲ, ನಾನು ಕಣ್ಣಲ್ಲಿ ಕಾಣದ ಒಬ್ಬ ಹೆಂಗಸಿನದು. ನನ್ನ ಕೈಯಿಂದ ಹೋದದ್ದು ಗೋದಾಮಿನ ಒಂದು ಮೂಲೆ, ಒಂದಷ್ಟು ಗಿರಾಕಿ, ಕರಕ್ ಚಾದ ಖರ್ಚು. ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಎಂಟು ಶುಕ್ರವಾರ ಯಾಕೆ ಖರ್ಚಾಯಿತೆಂದರೆ, ಒಳ್ಳೆಯ ಮಾಲನ್ನು ಮೊದಲೇ ತೋರಿಸಬೇಡ ಎಂದು ನಾನು ಒಬ್ಬ ಮನುಷ್ಯನಿಗೆ ಬುದ್ಧಿ ಹೇಳಿದೆ. ಅವನು ಕೇಳಿದ.

ದೋಹಾದ ಇಂಡಸ್ಟ್ರಿಯಲ್ ಏರಿಯಾದ ಅಂಚಿನಲ್ಲಿ, ಬರ್ವಾ ಅಲ್ ಬರಾಹಾ ಎಂಬ ಕಾರ್ಮಿಕರ ವಸತಿಯ ಕೆಲಸಗಾರರು ನಡೆದು ಬರುವಷ್ಟು ದೂರದಲ್ಲಿ, ನನ್ನ ಅಂಗಡಿ. ಸೂಟ್‌ಕೇಸು, ಕಂಬಳಿ, ಹಗ್ಗ ಮಾರುತ್ತೇನೆ. ಊರಿಗೆ ಹೋಗುವವರ ರಟ್ಟಿನ ಪೆಟ್ಟಿಗೆ ತೂಗಿ, ಬಿಗಿದು ಕಟ್ಟಿ, ಆರೂ ಮೈಗೆ ಹೆಸರು ಬರೆದು ಕೊಡುತ್ತೇನೆ. ಮಂಗಳೂರಿನ ಕಡೆಯವನಾದ ನಾನು ಇಲ್ಲಿಗೆ ಬಂದಾಗ ಬೇರೆಯವರ ಅಂಗಡಿಯಲ್ಲಿ ಹಗ್ಗ ಬಿಗಿಯುವುದೇ ಕೆಲಸ. ಅಂಗೈಯ ಗೆರೆ ಆಗಲೇ ಅಳಿಸಿಹೋಗಿದೆ, ಹಾಗಾಗಿ ಭವಿಷ್ಯ ಯಾರಲ್ಲೂ ಕೇಳಲಿಲ್ಲ. ಆ ಕೆಲಸದಲ್ಲಿ ಕಲಿತದ್ದು ಎರಡು ಪಾಠ. ಹೆಸರಿಲ್ಲದ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲಿ ಯಾರದ್ದು ಬೇಕಾದರೂ ಆಗುತ್ತದೆ. ಮಾಲು ಕೈಬಿಟ್ಟ ಮೇಲೆ ರೇಟು ಮಾತಾಡಿದರೆ ಯಾರೂ ಕಿವಿಗೊಡುವುದಿಲ್ಲ. ಎರಡೂ ನಿಜವಾದ ಪಾಠಗಳೇ. ಈಗಲೂ ಸುಳ್ಳೆಂದು ಹೇಳಲಾರೆ.

ಅವನು ನೀರಿನ ಟ್ಯಾಂಕರ್ ಓಡಿಸುವವನು. ಪಾಕಿಸ್ತಾನದ ಉತ್ತರದ ಬೆಟ್ಟದವನು, ಐವತ್ತು ದಾಟಿದವನು. ಎಲ್ಲರೂ ಅವನನ್ನು ಖಾನ್ ಎನ್ನುತ್ತಿದ್ದರು. ತಾನು ಖಾನನಲ್ಲ ಎಂದು ಹೇಳಿ ಹೇಳಿ ಅವನಿಗೆ ಸುಸ್ತಾಗಿತ್ತು. ನಾನು ಅಣ್ಣ ಎಂಬ ಅರ್ಥದಲ್ಲಿ ಲಾಲಾ ಎನ್ನುತ್ತಿದ್ದೆ, ಅವನು ನನ್ನನ್ನು ಸೇಠ್ ಎನ್ನುತ್ತಿದ್ದ. ಮಾತು ಹಿಂದಿಯಲ್ಲಿ, ಇಲ್ಲಿ ಅದನ್ನು ನನ್ನ ಊರ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಮ್ಮೆ ಕಾರ್ಗೋ ಕೌಂಟರಿನಲ್ಲಿ ಅವನ ಪೆಟ್ಟಿಗೆ ತೂಕ ಜಾಸ್ತಿ ಎಂದು ತಡೆದಾಗ ನಾನು ಹೋಗಿ ತಕ್ಕಡಿಯೇ ತಪ್ಪು ತೋರಿಸುತ್ತಿದೆ ಎಂದು ಸಾಧಿಸಿದ್ದೆ. ಅಂದಿನಿಂದ ನಾನು ಏನು ಹೇಳಿದರೂ ಸರಿಯಿರುತ್ತದೆ ಎಂಬ ನಂಬಿಕೆ ಅವನಿಗೆ. ಆ ನಂಬಿಕೆಯೇ ಮುಳುವಾಯಿತು.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು, ನನ್ನ ಅಂಗಡಿಯಲ್ಲಿ ಕೂತು ಅವನು ಊರಿನ ಅಕ್ಕನಿಗೆ ಫೋನು ಮಾಡುವುದು ವಾಡಿಕೆ. ಅವಳ ಊರಲ್ಲಿ ಸಿಗ್ನಲ್ ಇಲ್ಲ. ಮಸೀದಿಯ ಮೇಲಿನ ಇಳಿಜಾರಲ್ಲಿ ಒಂದು ಬಂಡೆಯಂತೆ, ಅದರ ಮೇಲೆ ಹತ್ತಿ ಕೂತರೆ ಮಾತ್ರ ಫೋನು ಸಿಗುತ್ತದೆ. ಅವಳು ಅವನಿಗಿಂತ ಹತ್ತು ವರ್ಷವಾದರೂ ದೊಡ್ಡವಳು. ಮಗನ ಫೋನು ಹಿಡಿದು ಅಲ್ಲಿ ಕೂತಿರುತ್ತಿದ್ದಳು. ಅವಳಿಗೆ ಕೇಳಲಿ ಎಂದು ಇವನು ಕೂಗಿ ಕೂಗಿ ಮಾತಾಡುತ್ತಿದ್ದ.

ಅಂಥ ಒಂದು ಶುಕ್ರವಾರ ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು ಗಂಡನ ಜೊತೆ ಪೆಟ್ಟಿಗೆ ಕಟ್ಟಿಸಲು ಬಂದಿದ್ದಳು. ಲಾಲಾ ಫೋನಲ್ಲಿ ಕೂಗುತ್ತಿದ್ದ. ಅವಳು ಹಿಡಿದಿದ್ದ ಹಗ್ಗವನ್ನು ಹಾಗೇ ಬಿಟ್ಟಳು.

"ಕಾಕಾ, ಆ ಅಜ್ಜಾರು ಯಾ ಊರವ್ರರೀ?"

"ಪೇಶಾವರದ ಆಚೆ. ಪಶ್ತೋ ಮಾತಾಡ್ತಾನೆ."

"ಪಶ್ತೋ ಅಲ್ರೀ ಅದು," ಎಂದಳು. "ಅದು ಪಶ್ತೋ ಅಲ್ಲವೇ ಅಲ್ಲ."

ಅವಳು ಇಲ್ಲಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವಳು, ಹಾಗಾಗಿ ನನಗೆ ಅವಳು ಮೇಡಂ. ಅದರ ಜೊತೆಗೆ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆ ಬರೆಯುತ್ತಿದ್ದಳು. ಹಿಂದೂಕುಶದ ಆ ಕಣಿವೆಗಳ ಭಾಷೆಗಳೇ ಅವಳ ವಿಷಯ. ಅದರಲ್ಲಿ ಎರಡು ಬಳಗ ಉಂಟಂತೆ. ದಾರ್ದಿಕ್ ಎನ್ನುವುದು ಒಂದು. ಅದು ಪಂಡಿತರು ಇಟ್ಟ ಹೆಸರು, ಅಲ್ಲಿಯ ಯಾರೂ ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ. ಇನ್ನೊಂದು ಆಚೆ ಬದಿಯ, ಅಫ್ಘಾನಿಸ್ತಾನದ ನೂರಿಸ್ತಾನಿ. ಅದು ನಮ್ಮ ಉತ್ತರದ ಭಾಷೆಗಳ ಕೊಂಬೆಯೂ ಅಲ್ಲ, ಇರಾನಿನ ಕೊಂಬೆಯೂ ಅಲ್ಲ, ಅದೇ ಮರದ ಮೂರನೆಯ ಕೊಂಬೆ. ಇಷ್ಟೆಲ್ಲ ತಿಳಿದವಳಿಗೆ ಆ ಕಣಿವೆಗೆ ಕಾಲಿಡಲು ಆಗದು. ಭಾರತದ ಪಾಸ್‌ಪೋರ್ಟಿಗೆ ಅಲ್ಲಿಯ ವೀಸಾ ಯಾರು ಕೊಡುತ್ತಾರೆ? ವರ್ಷಗಟ್ಟಲೆ ಹಳೆಯ ಪುಸ್ತಕ ಓದಿಯೇ ಕಲಿತವಳು. ಈಗ ಆ ಭಾಷೆ ನನ್ನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿತ್ತು.

ಕೇಳಿ ತಿಳಿದದ್ದು ಇಷ್ಟು. ಲಾಲಾನ ಭಾಷೆ ದಾರ್ದಿಕ್ ಬಳಗದ್ದು, ಬರೀ ಮೂರು ಊರಿನದು. ಎರಡು ಊರಲ್ಲಿ ಮುದುಕರಷ್ಟೇ ಆಡುತ್ತಾರೆ. ಅವನ ಮಕ್ಕಳು ಕೆಳಗಿನ ಕಣಿವೆಯ ದೊಡ್ಡ ಭಾಷೆಯಲ್ಲೇ ಬೆಳೆದವರು.

ಮಾತು ಹಿಡಿದಿಡಲು ಅವಳಿಗೆ ಸದ್ದಿಲ್ಲದ ಜಾಗ ಬೇಕಿತ್ತು. ನಾನು ಹಿಂದಿನ ಕಂಬಳಿ ಗೋದಾಮು ತೋರಿಸಿದೆ. ನಾಲ್ಕೂ ಕಡೆ ಸೂರಿನವರೆಗೆ ಕಂಬಳಿ. ಒಳಗೆ ಕೂಗಿದರೆ ಹೊರಗೆ ಕೇಳದು. ಒಳಹೋಗಿ ಚಪ್ಪಾಳೆ ತಟ್ಟಿ ನೋಡಿ, ಇಷ್ಟು ಒಳ್ಳೆಯ ಸ್ಟುಡಿಯೋ ದುಡ್ಡು ಕೊಟ್ಟರೂ ಸಿಗದು ಎಂದಳು. ತೊಂದರೆ ಒಂದೇ, ರೆಕಾರ್ಡ್ ಮಾಡುವಾಗ ಎಸಿ ಆರಿಸಬೇಕು. ಅಕ್ಟೋಬರ್ ತಿಂಗಳು, ಇಲ್ಲಿ ಇನ್ನೂ ಸೆಕೆ. ಲಾಲಾನ ಮೀಸೆಯಿಂದ ಬೆವರು ಇಳಿಯುತ್ತಿತ್ತು.

ಮೊದಲ ಕೆಲವು ಶುಕ್ರವಾರ ಬರೀ ಪದಗಳು. ಕೈ, ಕಣ್ಣು, ಬೆಂಕಿ, ಅಕ್ಕ, ತಂಗಿ. ಅವಳು ಹಿಂದಿಯಲ್ಲಿ ಕೇಳುವುದು, ಅವನು ಮೂರು ಸಲ ಹೇಳುವುದು. ಸಮುದ್ರಕ್ಕೆ ಏನನ್ನುತ್ತೀರಿ ಎಂದಾಗ ಅವನು ನನ್ನ ಮುಖ ನೋಡಿದ.

"ನಮ್ಮಲ್ಲಿ ಸಮುದ್ರ ಎಲ್ಲುಂಟು ಸೇಠ್? ನಿಮ್ಮಲ್ಲಿ ಹಿಮಕ್ಕೆ ಎಂತ ಹೇಳ್ತೀರಿ?"

"ಐಸ್," ಎಂದೆ.

"ಹಾಗಾದ್ರೆ ನಾವೂ ಸೀ ಅಂತೇವೆ. ಬರೆದುಕೊಳ್ಳಮ್ಮ."

ಅವರ ಭಾಷೆಯಲ್ಲಿ ಹೋದ, ಬಂದ ಎಂದಷ್ಟೇ ಹೇಳಿದರೆ ಸಾಲದು. ಮೇಲಕ್ಕೆ ಹೋದನೋ, ಕೆಳಕ್ಕೋ, ಹೊಳೆಯ ಆಚೆಗೋ ಎನ್ನುವುದೂ ಆ ಮಾತಿನೊಳಗೇ ಇರಬೇಕು. ಬರ್ವಾದಿಂದ ಅಂಗಡಿಗೆ ಬಂದದ್ದನ್ನು ಹೇಗೆ ಹೇಳುವುದು ಎಂದು ಅವಳು ಕೇಳಿದಳು. ಲಾಲಾ ಅಂಗೈಯನ್ನು ಸಮತಟ್ಟಾಗಿ ಹಿಡಿದು ತೋರಿಸಿದ. "ಈ ದೇಶದಲ್ಲಿ ಮೇಲೆ ಅನ್ನುವುದು ಲಿಫ್ಟಿನಲ್ಲಿ ಮಾತ್ರ ಉಂಟು," ಎಂದ. ಮೂವರೂ ನಕ್ಕೆವು. ಆ ದಿನಗಳಲ್ಲಿ ನಗುತ್ತಿದ್ದೆವು.

ಒಮ್ಮೆ ಅವಳು ಬರ್ವಾದಿಂದ ಒಬ್ಬ ನೂರಿಸ್ತಾನಿ ಮೇಸ್ತ್ರಿಯನ್ನೂ ಹುಡುಕಿ ತಂದಳು. ಅವನ ಊರಿಗೂ ಲಾಲಾನ ಊರಿಗೂ ನಡುವೆ ಒಂದೇ ಬೆಟ್ಟದ ಸಾಲಂತೆ. ಆದರೂ ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ತಿಳಿಯದು. ಎಣಿಸಲು ಹೇಳಿದಾಗ ಮಾತ್ರ ಇಬ್ಬರೂ ಇಪ್ಪತ್ತು ಇಪ್ಪತ್ತರ ಕಟ್ಟಿನಲ್ಲೇ ಎಣಿಸಿದರು: ನಲವತ್ತೆಂದರೆ ಎರಡು ಇಪ್ಪತ್ತು, ಅರವತ್ತೆಂದರೆ ಮೂರು. ಇವರ ಬಳಿ ಮಾಲು ಖರೀದಿ ಮಾಡಿದರೆ ಸುಲಭಕ್ಕೆ ಮೋಸ ಮಾಡಲಾಗದು ಎಂದು ನಾನು ಅಂದುಕೊಂಡೆ. ನನ್ನ ಬುದ್ಧಿ ಓಡುವುದೇ ಆ ಕಡೆಗೆ.

ಪದಗಳು ಮುಗಿಯುತ್ತ ಬಂದಾಗ ಅವಳು ಕೇಳಿದಳು, "ಕಥಿ ಗೊತ್ತವೇನ್ರೀ ಅಜ್ಜಾ? ಬರೇ ಪದಾ ಇಟಗೊಂಡ್ರ ಅದು ಇಟ್ಟಂಗಿ ರಾಶಿ ಇದ್ದಂಗ. ಮನಿ ಹೆಂಗಿತ್ತು ಅಂತ ತಿಳಿಯೂದಿಲ್ಲ." ಅವಳು ಹಿಂದಿಯಲ್ಲಿ ಕೇಳಿ, ಆಮೇಲೆ ನನಗೆ ಕನ್ನಡದಲ್ಲಿ ಹೇಳಿದ ಮಾತಿದು.

ಲಾಲಾ ತಲೆಯಾಡಿಸಿದ. ಗೊತ್ತು. ಅವನ ತಾಯಿ ಹಿಮ ಬಿದ್ದ ಕಾಲದಲ್ಲಿ ಹೇಳುತ್ತಿದ್ದ ಒಂದು ದೊಡ್ಡ ಕಥೆ, ಹೇಳಿ ಮುಗಿಸಲು ಮೂರು ಸಂಜೆ ಬೇಕು. ಈಗ ಅದು ಗೊತ್ತಿರುವವರು ಅವನು ಮತ್ತು ಅಕ್ಕ. ಆದರೆ ಒಬ್ಬನೇ ಹೇಳುವ ಕಥೆಯಲ್ಲ. ಎದುರಿಗೆ ಒಬ್ಬರು ಕೂತು ಪ್ರತಿ ಮಾತಿಗೂ "ಆಮೇಲೆ?" ಎನ್ನಬೇಕು. ನಮ್ಮಲ್ಲಿ ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಿದ್ದಂತೆಯೇ. ಅಲ್ಲಿ ಹೂಂಗುಟ್ಟುವವರು ತಪ್ಪಿದಲ್ಲಿ ತಿದ್ದುತ್ತಾರೆ, ಮರೆತಲ್ಲಿ ಎಳೆದು ಕೊಡುತ್ತಾರೆ. ಲಾಲಾ ಸಣ್ಣವನಿದ್ದಾಗಲೇ ದುಡಿಯಲು ಇಳಿದು ಬಂದವನು. ನಡುವಿನ ಭಾಗ ಅವನಿಗೆ ಅಕ್ಕ ಎಳೆದರೆ ಮಾತ್ರ ಬರುತ್ತಿತ್ತು.

"ಹಾಗಾದರೆ ಅಕ್ಕನನ್ನು ಫೋನಿನಲ್ಲಿ ಕೂರಿಸುವ," ಎಂದ. "ಶುಕ್ರವಾರ ಹೇಗೂ ಬಂಡೆಗೆ ಬರ್ತಾಳಲ್ಲ."

ಮೇಡಂ ಖುಷಿಯಿಂದ ಎದ್ದೇ ನಿಂತಳು. ಮುಂದಿನ ಶುಕ್ರವಾರಕ್ಕೆ ಎಲ್ಲ ತಯಾರು. ಅಷ್ಟರಲ್ಲಿ ನಾನು ಬಾಯಿ ಹಾಕಿದೆ.

"ಇದೆಲ್ಲ ಪುಸ್ತಕ ಆದರೆ ಅದರಲ್ಲಿ ಇವನ ಹೆಸರು ಎಲ್ಲಿ ಬರ್ತದೆ?"

ಅವಳು ಕಷ್ಟಪಟ್ಟು ವಿವರಿಸಿದಳು. ಹೆಸರು ಬರುವುದಿಲ್ಲ. ಮಾತು ಕೊಟ್ಟವರಿಗೆ ತೊಂದರೆಯಾಗದಿರಲೆಂದು ಹೆಸರಿನ ಬದಲು ಗುರುತಿನ ಅಕ್ಷರ ಹಾಕುವುದು ನಿಯಮ. ಅವನು ಪುಸ್ತಕದಲ್ಲಿ "ಅ" ಎಂದಿರುತ್ತಾನೆ.

"ಅಂದರೆ ಹೆಸರಿಲ್ಲದ ಪೆಟ್ಟಿಗೆ," ಎಂದೆ.

"ಕಾಕಾ, ನಾ ಬರದು ಕೇಳ್ತೀನ್ರೀ. ಅವರ ಹೆಸರು ಹಾಕಸೂನು. ಆದ್ರ ನಮ್ಮ ವಿಶ್ವವಿದ್ಯಾಲಯದ ಸಮಿತಿ ಒಪ್ಪಬೇಕು, ತಡಾ ಆಗ್ತದ. ಮೊದಲ ಕಥಿ ಹಿಡದು ಇಟಗೊಳ್ಳೂಣು."

"ಮಾಲು ಕೊಟ್ಟ ಮೇಲೆ ಯಾವ ಸಮಿತಿಗೂ ಅವಸರ ಇರುದಿಲ್ಲ ಮಾರಾಯ್ರೆ. ಕಾಗದ ಬರಲಿ, ಕಥೆ ಆಗ ಕೊಡುವ."

ಲಾಲಾನಿಗೂ ಹಿಂದಿಯಲ್ಲಿ ಹೇಳಿದೆ: ಇಷ್ಟು ದಿನ ಕೊಟ್ಟದ್ದು ಅಂಗಡಿಯ ಮುಂದೆ ನೇತುಹಾಕುವ ಸಾಮಾನು, ಒಳ್ಳೆಯದು ಒಳಗಿರಲಿ. ನಿನ್ನ ಹೆಸರು ಮೊದಲ ಪುಟದಲ್ಲಿ ಬರೆಯುತ್ತೇವೆ ಎಂದು ಸಹಿ ಹಾಕಲಿ. ಅವನಿಗೆ ಹೆಸರಿನ ಆಸೆ ಏನೂ ಇರಲಿಲ್ಲ. ಅಕ್ಕನ ಜೊತೆ ಆ ಕಥೆ ಇನ್ನೊಮ್ಮೆ ಪೂರ್ತಿ ಹೇಳಿ ಮುಗಿಸಬೇಕು, ಅದು ಎಲ್ಲಾದರೂ ಉಳಿಯಬೇಕು, ಅಷ್ಟೇ ಅವನಿಗೆ ಬೇಕಿದ್ದದ್ದು. ಆದರೂ, "ಸೇಠ್ ಹೇಳಿದರೆ ಸರಿ ಇರ್ತದೆ," ಎಂದ. ಮೇಡಂ ನನ್ನನ್ನೇ ನೋಡಿದಳು. ಸಿಟ್ಟಲ್ಲ ಅದು. ಬೇಡಿಕೊಳ್ಳುವ ನೋಟ. ಗಿರಾಕಿಯ ಕಣ್ಣಲ್ಲಿ ಆ ನೋಟ ಕಂಡರೆ ರೇಟು ಬಿಡಬಾರದು ಎಂದು ಕಲಿತವನು ನಾನು.

ಆಮೇಲೆ ಶುರುವಾದದ್ದು ಆ ಎಂಟು ಶುಕ್ರವಾರ. ಅಕ್ಕನಿಗೆ ಕಥೆಯ ವಿಷಯ ಮೊದಲ ವಾರವೇ ಗೊತ್ತಾಗಿತ್ತು. ಅವಳು ಬೇಗ ಬಂದು ಬಂಡೆಯ ಮೇಲೆ ಕಾಯುತ್ತಿದ್ದಳು. ಇವನು ಫೋನು ಮಾಡಿ, ಇವತ್ತಿಲ್ಲ, ಕಾಗದ ಬಂದಿಲ್ಲ ಎನ್ನುತ್ತಿದ್ದ. ಮೂರನೆಯ ಶುಕ್ರವಾರ ಅವಳು ಏನೋ ಹೇಳಿದ್ದಕ್ಕೆ ಲಾಲಾ ನಗುತ್ತ ನನ್ನ ಕಡೆ ತಿರುಗಿದ. "ನಿನ್ನ ಸೇಠ್‌ಗೆ ಹೇಳು, ನನ್ನ ಮೊಣಗಂಟು ಈಗ ಬಾಡಿಗೆ ಕೇಳ್ತಾ ಉಂಟು ಅಂತಾಳೆ." ನಾನು ಅವಳಿಗೊಂದು ಒಳ್ಳೆಯ ಕಂಬಳಿ ಕಳಿಸುತ್ತೇನೆ ಎಂದೆ. ಎರಡು ಹಾಸಿನ, ಭಾರದ ಕಂಬಳಿಯೊಂದನ್ನು ತೆಗೆದಿಟ್ಟೆ ಕೂಡ. ಊರಿಗೆ ಹೋಗುವವರು ಸಿಕ್ಕಾಗ ಕಳಿಸುವುದೆಂದು ಮೇಲೆ ಅವಳ ಹೆಸರು ಬರೆದೆ.

ಐದನೆಯ ವಾರಕ್ಕೆ ಅಲ್ಲಿ ಹಿಮ ಬಿತ್ತು. ಲಾಲಾ, "ಮಗ ಬಂಡೆಯ ವರೆಗೆ ದಾರಿ ಕೆರೆದು ಕೊಟ್ಟಿದ್ದಾನೆ," ಎಂದ. ಆರನೆಯ ವಾರ ಅವಳ ಕೆಮ್ಮು ಫೋನಿನಿಂದ ನನಗೂ ಕೇಳಿತು. ಆಗಲೂ ನಾನು ಮೇಡಂಗೆ ಕೇಳಿದ್ದು, "ಸಮಿತಿಯಿಂದ ಎಂತ ಸುದ್ದಿ?" ಎಂದು. ಅವಳು, "ಕಾಕಾ, ಇವತ್ತರ ಶುರು ಮಾಡೂನ್ರೀ, ಕೈ ಮುಗೀತೀನಿ," ಎಂದಳು. ಇನ್ನೊಂದು ವಾರ ನೋಡುವ ಎಂದೆ. ಅವಳು ಸೋಲುವ ಹೊತ್ತಿಗೆ ಬಂದಿದ್ದಾಳೆ ಎಂದು ನನಗೆ ಅನಿಸಿತ್ತು. ಚೌಕಾಸಿಯಲ್ಲಿ ಆ ಗಳಿಗೆಯ ವಾಸನೆ ನನಗೆ ತಪ್ಪುವುದಿಲ್ಲ.

ಎಂಟನೆಯ ಶುಕ್ರವಾರವೂ ಅಕ್ಕ ಬಂಡೆಯ ಮೇಲೆ ಬಂದು ಕೂತಿದ್ದಳು. ಕೆಮ್ಮುತ್ತಲೇ ಫೋನು ಇಟ್ಟಳು.

ಒಂಬತ್ತನೆಯ ಶುಕ್ರವಾರ ಫೋನು ಎತ್ತಿದ್ದು ಅವಳ ಮಗ. ಮಾತಾಡಿದ್ದು ಕೆಳಗಿನ ಕಣಿವೆಯ ಭಾಷೆಯಲ್ಲಿ. ಲಾಲಾ ಒಂದೇ ಒಂದು ಸಲ ಏನೋ ಕೇಳಿ, ಆಮೇಲೆ ಬರೀ ಕೇಳಿಸಿಕೊಂಡ. ಫೋನನ್ನು ಕಂಬಳಿಯ ಮೇಲೆ ಅಂಗಾತ ಇಟ್ಟು ನನಗೆ ಹೇಳಿದ: ಬುಧವಾರ ಹೋದಳು. ಎದೆಗೆ ಕಫ ಕಟ್ಟಿತ್ತು. ರಸ್ತೆ ಮುಚ್ಚಿತ್ತು, ಆಸ್ಪತ್ರೆಗೆ ಇಳಿಸಲಾಗಲಿಲ್ಲ. ಮಣ್ಣು ಮಾಡಿಯೂ ಆಯಿತು.

ಸಾವಿನ ಸುದ್ದಿಗೆ ನಾವು ಹೇಳುವ ಇನ್ನಾಲಿಲ್ಲಾಹಿ ಎಂದೆ. ಇವತ್ತಾದರೂ ಶುರುವಾದೀತೆಂದು ಎಸಿ ಆರಿಸಿಯಾಗಿತ್ತು. ಮೇಡಂ ಮೈಕು ಕೈಯಲ್ಲಿ ಹಿಡಿದು ನಿಂತೇ ಇದ್ದಳು.

ಬಂಡೆ ಹತ್ತಿದ್ದರಿಂದಲೇ ಕಾಯಿಲೆ ಬಂತೆಂದು ಯಾರೂ ಹೇಳಲಿಲ್ಲ. ಮುದುಕಿ, ಚಳಿಗಾಲ, ಆಯುಷ್ಯ ಮುಗಿದಿತ್ತು, ಎಲ್ಲ ಸರಿ. ಆದರೆ ಮೊದಲ ಮೂರು ಶುಕ್ರವಾರದಲ್ಲೇ ಕಥೆ ಮುಗಿಯುತ್ತಿತ್ತು. ನಾಲ್ಕನೆಯದಕ್ಕೆ ಅವಳು ಕಾಯಬೇಕಾಗಿರಲಿಲ್ಲ. ಇದನ್ನು ಎಷ್ಟು ಸಲ ತೂಗಿದರೂ ತಕ್ಕಡಿ ಒಂದೇ ಕಡೆಗೆ ಬೀಳುತ್ತದೆ.

ಮುಂದಿನ ತಿಂಗಳು ಸಮಿತಿಯ ಕಾಗದ ಬಂತು. ಒಪ್ಪಿಗೆ. ಅವನ ಹೆಸರು ಮೊದಲ ಪುಟದಲ್ಲಿ. ಚೌಕಾಸಿಯಲ್ಲಿ ನಾನು ಗೆದ್ದಿದ್ದೆ.

ನಾವು ಸುಮ್ಮನೆ ಕೂರಲಿಲ್ಲ. ಲಾಲಾನನ್ನು ಒಪ್ಪಿಸಿ ಮತ್ತೆ ಗೋದಾಮಿಗೆ ಕರೆದುಕೊಂಡು ಬಂದೆವು. ಅವನಿಗೆ ನೆನಪಿರುವಷ್ಟಾದರೂ ಹೇಳಲಿ, ಎದುರಿಗೆ ನಾವು ಹೂಂಗುಟ್ಟುವ ಎಂದು. ಮೊದಲು ಮೇಡಂ ಕೂತಳು. ಅವಳ ಉಚ್ಚಾರಣೆ ಅಚ್ಚುಕಟ್ಟು. ಎರಡು ಮಾತು ಹೇಳಿ ಅವನು ನಿಲ್ಲಿಸಿದ. "ನೀನು ಕೇಳ್ತಾ ಇಲ್ಲಮ್ಮ," ಎಂದ. "ಬರೆದುಕೊಳ್ತಾ ಇದ್ದಿ." ಅವಳ ಕೈಯಲ್ಲಿ ಪೆನ್ನು ಇರಲಿಲ್ಲ. ಆದರೂ ಅದು ನಿಜವೆಂದು ಅವಳಿಗೂ ಗೊತ್ತಿತ್ತು.

ಆಮೇಲೆ ನಾನು ಕೂತೆ. ಅವರ ಭಾಷೆಯಲ್ಲಿ "ಆಮೇಲೆ?" ಎನ್ನುವುದನ್ನು ಒಂದು ವಾರ ಬಾಯಿಪಾಠ ಮಾಡಿದ್ದೆ. ಬಿನ್ ಮಹಮೂದ್ ಬಡಾವಣೆಯ ನನ್ನ ಫ್ಲ್ಯಾಟಿನಲ್ಲಿ ಹಲ್ಲುಜ್ಜುವಾಗಲೂ ಅದನ್ನೇ ಹೇಳುತ್ತಿದ್ದೆ. ಮಗಳು, "ಬಾಪಾ, ಯಾವ ಗಿರಾಕಿಗೆ ಇದು?" ಎಂದು ಕೇಳಿದಳು, ಅದೂ ಇಂಗ್ಲಿಷಿನಲ್ಲಿ. ನಮ್ಮ ಬ್ಯಾರಿ ಭಾಷೆ ಅವಳಿಗೆ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ. ಅದನ್ನು ಯೋಚಿಸಲು ಆಗ ನನಗೆ ಪುರುಸೊತ್ತಿರಲಿಲ್ಲ.

ಲಾಲಾ ಕಣ್ಣು ಮುಚ್ಚಿ ಶುರು ಮಾಡಿದ. ಆಮೇಲೆ, ಎಂದೆ. ಹೇಳಿದ. ಆಮೇಲೆ, ಎಂದೆ. ಹೇಳಿದ. ನಾಲ್ಕನೆಯ ಸಲಕ್ಕೆ ಕಣ್ಣು ತೆರೆದ.

"ಬೇಡ ಸೇಠ್. ನೀನು ಆಮೇಲೆ ಅನ್ನುದು ಗಿರಾಕಿಗೆ ಅಂದ ಹಾಗೆ ಉಂಟು."

ಎಸಿ ಹಾಕಿ ಎಂದು ಹೇಳಿ ಎದ್ದ. ಹಿಡಿದದ್ದು ಅಷ್ಟೇ. ಮೇಡಂ ಅದರ ಅರ್ಥ ಬಿಡಿಸಿ ಹೇಳಿದಳು. ಒಂದೂರಲ್ಲಿ ಒಬ್ಬ ಹೆಂಗಸು ಇದ್ದಳು. ಅವಳಿಗೆ ಏಳು ಮೇಕೆ. ಸಂಜೆ ಆರು ಮೇಕೆ ಇಳಿದು ಬಂದವು. ಅವಳು ಮೇಲಕ್ಕೆ ಹೊರಟಳು.

ಪುಸ್ತಕ ಬಂತು. ಸಣ್ಣದು, ಬರೀ ಪದಗಳು, ಕೆಲವು ವಾಕ್ಯಗಳು, ಕೊನೆಯಲ್ಲಿ ಆ ನಾಲ್ಕು ಸಾಲು. ಮೊದಲ ಪುಟದಲ್ಲಿ ಲಾಲಾನ ಹೆಸರು ಇಂಗ್ಲಿಷಿನಲ್ಲಿ. ಅವನಿಗೆ ಆ ಲಿಪಿ ಓದಲು ಬರುವುದಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಅವನು ಅದರ ಮೇಲೆ ಕೈಯಾಡಿಸಿ, "ಅಕ್ಕನದು?" ಎಂದ. ಅಕ್ಕನದು ಇರಲಿಲ್ಲ. ಅದನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಪುಸ್ತಕವನ್ನು ಅವನು ನನ್ನಲ್ಲೇ ಬಿಟ್ಟು ಹೋದ. ಅವಳ ಹೆಸರು ಬರೆದ ಕಂಬಳಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಎರಡನ್ನೂ ಕೊಂಡುಹೋಗುವವರು ಇಲ್ಲ.

ಅವನು ಈಗಲೂ ಶುಕ್ರವಾರ ಬರುತ್ತಾನೆ. ಚಾ ಕುಡಿಯುತ್ತಾನೆ, ಟ್ಯಾಂಕರಿನ ಟಯರಿನ ವಿಷಯ ಹೇಳುತ್ತಾನೆ, ಎಲ್ಲ ಹಿಂದಿಯಲ್ಲಿ. ಅವನ ಬಾಯಲ್ಲಿ ಆ ಭಾಷೆ ನಾನು ಮತ್ತೆ ಕೇಳಿಲ್ಲ. ಇಲ್ಲಿ ಅವನಿಗೆ ಆಡಲು ಎದುರಿಗೆ ಯಾರು? ಅವನು ನನ್ನನ್ನು ಬೈದಿದ್ದರೆ ಏನಾದರೂ ದಾರಿ ಇತ್ತು. ಬೈಯುವವನ ಜೊತೆ ಮಾತಾಡಿ ಮಾತಾಡಿ ಎಲ್ಲೋ ಒಂದು ಕಡೆ ಒಪ್ಪಂದಕ್ಕೆ ಬರಬಹುದು. ಏನೂ ಕೇಳದವನ ಜೊತೆ ಚೌಕಾಸಿ ಹೇಗೆ? ಅವನು ಈಗಲೂ ನನ್ನನ್ನು ಸೇಠ್ ಎನ್ನುತ್ತಾನೆ. ಹೋಗುವಾಗ ಸಲಾಂ ಹೇಳುತ್ತಾನೆ.

ನಿಮಗೆ ಹೇಳುವುದು ಇಷ್ಟು. ನಿಮ್ಮ ಮನೆಯಲ್ಲಿ ಕಥೆ ಗೊತ್ತಿರುವ ಮುದುಕರಿದ್ದರೆ ದೊಡ್ಡ ಯಂತ್ರ ಬೇಡ, ಕೈಯಲ್ಲಿರುವ ಫೋನು ಸಾಕು. ಬಾಯಿಯಿಂದ ಒಂದು ಗೇಣು ದೂರ, ಮಡಚಿದ ಬಟ್ಟೆಯ ಮೇಲೆ ಇಡಿ. ಫ್ಯಾನು, ಎಸಿ ಆರಿಸಿ. ಬೆವರು ಒರೆಸಿಕೊಳ್ಳಲು ಬೈರಾಸು ಕೊಡಿ. ಹಣ್ಣಿಗೆ ಏನು, ಬೆರಳಿಗೆ ಏನು ಎಂದು ಪದ ಕೇಳುತ್ತ ಕೂರಬೇಡಿ, ಮೊದಲು ಕಥೆ ಕೇಳಿ. ಪದಗಳು ಅದರೊಳಗೇ ಇರುತ್ತವೆ. ಹೆಸರು, ಹಕ್ಕು, ಕಾಗದ ಎಲ್ಲ ಬೇಕು, ಅದಕ್ಕೆ ಜಗಳವನ್ನೂ ಮಾಡಿ, ಆದರೆ ಹಿಡಿದಿಟ್ಟುಕೊಂಡ ಮೇಲೆ ಮಾಡಿ. ಹೇಳುವವರು ಒಬ್ಬರಿದ್ದರೆ ಸಾಲದು, ಹೂಂಗುಟ್ಟಲು ಅದೇ ಭಾಷೆಯವರು ಇನ್ನೊಬ್ಬರು ಬೇಕು. ಅವರನ್ನು ಮೊದಲು ಹುಡುಕಿ, ಬೆಚ್ಚಗೆ ಕೂರಿಸಿ, ಇಬ್ಬರ ಹೆಸರನ್ನೂ ಬರೆದುಕೊಳ್ಳಿ. ಕಂಬಳಿ ಕೊಡುವುದಿದ್ದರೆ ಇವತ್ತೇ ಕೊಡಿ. ಶುಕ್ರವಾರಕ್ಕೆ ಕಾಯಬೇಡಿ.